ಹದಿನೇಳನೇ ಮಗ್ಗದ ದತ್ತೋಬಾ

ನಾನು ನಿಂತಿದ್ದದ್ದು ಬಟ್ಟೆ ಗಿರಣಿಯ ಮಗ್ಗದ ಖಾತೆಯಲ್ಲಿ, ಅಂದರೆ ನೇಯುವ ವಿಭಾಗದಲ್ಲಿ, ಉತ್ತರದ ಬಾಗಿಲಿನಿಂದ ಮೂರನೇ ಕಂಬದ ಪಕ್ಕ. ಹದಿನೇಳನೇ ಮಗ್ಗಕ್ಕೂ ನನಗೂ ನಡುವೆ ಎರಡು ಮಾರು ದೂರ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಮಾಘ ಮಾಸ, ಮಧ್ಯಾಹ್ನ ಹನ್ನೆರಡೂವರೆ. ವರ್ಷ ಯಾವುದೆಂದು ಆಣೆ ಮಾಡಿ ಹೇಳಲಾರೆ, ಕಂಬ ಯಾವುದೆಂದು ಹೇಳಬಲ್ಲೆ.

ಎದುರಿಗೆ ದತ್ತೋಬಾ ಮಾಮಾ ತುಟಿ ಅಲ್ಲಾಡಿಸುತ್ತಿದ್ದರು. ಧ್ವನಿ ಇರಲಿಲ್ಲ. ಇಪ್ಪತ್ತು ವರ್ಷ ಮಗ್ಗಗಳ ಸದ್ದಿನಲ್ಲಿ ದುಡಿದವರು ಅವರು. ಅಲ್ಲಿ ಕೂಗಿದರೂ ಕೇಳಿಸುತ್ತಿರಲಿಲ್ಲವಾದ್ದರಿಂದ ನೇಕಾರರು ಒಬ್ಬರ ತುಟಿ ಇನ್ನೊಬ್ಬರು ಓದುತ್ತಿದ್ದರು. ಗಿರಣಿ ಮುಚ್ಚಿದ ಮೇಲೂ ಅವರ ಅಭ್ಯಾಸ ಹೋಗಲಿಲ್ಲ. ತಮ್ಮೂರು ಬೇಡಕಿಹಾಳದ ಚಹಾದಂಗಡಿಯಲ್ಲೂ ಸದ್ದಿಲ್ಲದೆ ಚಹಾ ಹೇಳಿ, ಬರಲಿಲ್ಲವೆಂದು ಸಿಟ್ಟಾಗುತ್ತಿದ್ದರಂತೆ.

ಚಿಕ್ಕೋಡಿಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೊ ಇತ್ತು. ಗಿರಣಿ ಮುಚ್ಚಿ ಮೂರು ವರ್ಷವಾದ ಮೇಲೆ ಹರಾಜು ನಿಶ್ಚಯವಾಯಿತು. ಅದಕ್ಕೂ ಮೊದಲು ಒಳಗೆ ಉಳಿದದ್ದೆಲ್ಲದರ ಫೋಟೊ ಬೇಕೆಂದು ಕೋರ್ಟಿನ ಸಾಹೇಬರು ನನ್ನನ್ನು ಕರೆಸಿದರು. ಯಾವುದು ಗಿರಣಿಯದು, ಯಾವುದು ಕೆಲಸಗಾರರದು ಎಂದು ಗುರುತಿಸಲು ದತ್ತೋಬಾ ಬಂದಿದ್ದರು. ಕಸ ಗುಡಿಸಲು ಸುಶೀಲಾಬಾಯಿ ಇದ್ದರು. ಹಿಂದೆ ಅದೇ ಗಿರಣಿಯಲ್ಲಿ ಲಾಳಿಯೊಳಗಿಡುವ ಸಣ್ಣ ಕೊಳವೆಗೆ, ಅಂದರೆ ಕಂಡಿಕೆಗೆ, ನೂಲು ಸುತ್ತುತ್ತಿದ್ದವರು. ಮಗ್ಗ ಬಿಚ್ಚಿ ಒಯ್ಯಲು ನಿಪ್ಪಾಣಿಯ ಗುಜರಿ ಬಾಬು ಸುತ್ತಿಗೆ ಹಿಡಿದು ಕಾಯುತ್ತಿದ್ದ.

ಬೆಳಿಗ್ಗೆಯೆಲ್ಲ ಬಿಟ್ಟುಹೋದ ವಸ್ತುಗಳ ಫೋಟೊ ತೆಗೆದೆ. ಗೋಡೆಯ ಗೂಡಿನಲ್ಲಿ ಒಡೆದ ಕನ್ನಡಿ, ಬಾಚಣಿಗೆ. ಮೊಳೆಗೆ ತೂಗುಹಾಕಿದ ಅಂಗಿ. ಮುಚ್ಚಳ ಬಿಗಿದ ಊಟದ ಡಬ್ಬಿಗಳು. ಬಾಗಿಲ ಬಳಿ ಇಪ್ಪತ್ತಾರು ಜೊತೆ ಚಪ್ಪಲಿ. ಪ್ರತಿಯೊಂದರ ಒಡೆಯನ ಹೆಸರು ದತ್ತೋಬಾಗೆ ಗೊತ್ತಿತ್ತು. ಧೂಳು ಹಿಡಿದ ಕನ್ನಡಕವೊಂದನ್ನು ಎತ್ತಿ ತೋರಿಸಿದರು.

"ಇದು ರಾಮೂನ ಚಾಳೀಸ. ಇದಿಲ್ಲದ ಅಂವಗ ಎಳಿ ಕಾಣಂಗಿಲ್ಲ. ಮೂರು ವರ್ಷ ಹೆಂಗ ತಿರಗ್ಯಾಡತಾನೋ ಏನೋ!"

ಚಪ್ಪಲಿಗಳನ್ನು ನಾನು ಇದ್ದ ಹಾಗೆಯೇ ತೆಗೆಯಹೋದಾಗ ತಡೆದರು. "ತಡೀರಿ ಮಾಸ್ತರ. ಚಪ್ಪಲಿಗೂ ಒಂದ್ ಮುಖ ಐತಿ." ಬಗ್ಗಿ ಒಂದೊಂದನ್ನೂ ಒರೆಸಿ, ಜೋಡಿಸಿ ಇಟ್ಟರು.

"ಬೀಗರ ಬರಾವ್ರದಾರೇನ್ರಿ ದತ್ತೋಬಾ?" ಎಂದು ಸುಶೀಲಾಬಾಯಿ ನಕ್ಕರು. ತುಟಿ ಓದಿದ ದತ್ತೋಬಾ, "ನೀ ಕಸಾ ಹೊಡಿ ಬೇ" ಎಂದು ತಾವೂ ನಕ್ಕರು.

ಮಗ್ಗಗಳ ಸರದಿ ಬಂದಾಗ ಮಾತ್ರ ಅವರ ನಗು ನಿಂತಿತು. ಹದಿನೇಳನೆಯದು ಅವರ ಮಗ್ಗ. ಅದರ ಮೇಲೆ ಮುಗಿಯದೆ ಉಳಿದ ಧೋತರ ಹಾಗೆಯೇ ಇತ್ತು. ಗಿರಣಿ ಮುಚ್ಚಿದ ದಿನ ಗೇಟಿಗೆ ನೋಟೀಸು ಹಚ್ಚಿದ್ದಾರೆಂದು ಸುದ್ದಿ ಬಂದು ಎಲ್ಲರೂ ಬರಿಗಾಲಲ್ಲಿ ಓಡಿದ್ದರು. ಹೊರಗೆ ಬಂದವರ ಹಿಂದಿನಿಂದ ಗೇಟು ಮುಚ್ಚಿತು. ಕೆಲಸಗಾರರು ತಾವಾಗಿಯೇ ಕೆಲಸ ಅರ್ಧಕ್ಕೆ ಬಿಟ್ಟು ಹೊರನಡೆದರು ಎಂದು ಮಾಲೀಕರು ಕಾಗದದಲ್ಲಿ ಬರೆಸಿದ್ದರು. ಆ ಮಾತು ದತ್ತೋಬಾಗೆ ಮೂರು ವರ್ಷದಿಂದ ಚುಚ್ಚುತ್ತಿತ್ತು.

ಬಾಬು ಧೋತರಕ್ಕೆ ಕತ್ತರಿ ಹಾಕಲು ಬಂದಾಗ ಅವರು ಅಡ್ಡ ನಿಂತರು. ಮೊದಲು ಬರೀ ತುಟಿ ಆಡಿತು, ಆಮೇಲೆ ಧ್ವನಿ ಬಂತು.

"ಸಾಹೇಬ್ರ, ಇನ್ನ ನಾಕ ಬೆರಳ ಐತಿ. ಮುಗಿಸಿ ಕೊಡ್ತೀನಿ. ಅರ್ಧಕ್ಕ ಬಿಟ್ಟ ಹೋದಾಂವ ನಾ ಅಲ್ಲ. ಇವ್ರು ಅದರ ಫೋಟೊ ತಗೀಲಿ."

"ಕರೆಂಟ್ ಇಲ್ಲಲ್ಲೋ ಮಾರಾಯಾ," ಎಂದರು ಸಾಹೇಬರು.

"ಕೈ ಅದಾವಲ್ರೀ."

ಸಾಹೇಬರು ಗಡಿಯಾರ ನೋಡಿ, ಬಾಬುವಿನ ಊಟ ಮುಗಿಯುವವರೆಗೆ ಎಂದರು.

ಸುಶೀಲಾಬಾಯಿ ನೆಲದ ಮೇಲೆ ಕುಳಿತು, ಬಿದ್ದಿದ್ದ ನೂಲನ್ನು ತೊಡೆಯ ಮೇಲೆ ಉರುಳಿಸಿ ಕಂಡಿಕೆಗೆ ಸುತ್ತಿದರು. ದತ್ತೋಬಾ ಲಾಳಿಯಲ್ಲಿ ಅದನ್ನು ಇಟ್ಟು, ಮಗ್ಗದ ಗಾಲಿಯನ್ನು ಕೈಯಿಂದ ತಿರುಗಿಸಿದರು. ತುಕ್ಕು ಹಿಡಿದ ಗಾಲಿ ಕಿರುಗುಟ್ಟಿತು. ಉದ್ದಕ್ಕೆ ಕಟ್ಟಿದ ಹಾಸಿನ ಎಳೆಗಳು ಪಟಪಟ ಹರಿದವು. ಉಗುಳು ಹಚ್ಚಿ ಒಂದೊಂದನ್ನೇ ಗಂಟು ಹಾಕಿದರು. ಗಾಲಿ, ಲಾಳಿ, ಗಂಟು, ಮತ್ತೆ ಗಾಲಿ. ಎರಡು ಬೆರಳಾಗುವಷ್ಟರಲ್ಲಿ ಅವರು ಗಾಲಿ ಬಿಟ್ಟು ತೋಳು ಉಜ್ಜಿಕೊಂಡರು. ಆಗ ಬಾಬು ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಎದ್ದ. "ಸರೀರಿ ಕಾಕಾ, ಗಾಲಿ ನಾ ತಿರಗಸ್ತೀನಿ." ಮಗ್ಗ ಒಡೆಯಲು ಬಂದವನು ಅದನ್ನು ನಡೆಸಿದ. ಸಾಹೇಬರು ಮತ್ತೆ ಗಡಿಯಾರ ನೋಡಲಿಲ್ಲ.

ಕೊನೆಯ ಕೆಂಪು ಪಟ್ಟಿ ನೇಯ್ದು, ದತ್ತೋಬಾ ತಾವೇ ಧೋತರ ಕತ್ತರಿಸಿ, ಮಡಚಿ, ಎರಡೂ ಕೈಯಿಂದ ಸಾಹೇಬರಿಗೆ ಕೊಟ್ಟರು. ಅದು ಗಿರಣಿಯ ಸ್ವತ್ತು. ಸೀಲು ಹಾಕಿದ ಗಂಟಿನೊಳಗೆ ಹೋಯಿತು. ನಾನು ಹನ್ನೆರಡು ಫೋಟೊ ತೆಗೆದಿದ್ದೆ.

ತೆಗೆದಿದ್ದೆ ಎಂದುಕೊಂಡಿದ್ದೆ. ಮಗ್ಗದ ಮುಂದೆ ನಿಂತು ಹೊಸ ರೋಲು ಹಾಕುವಾಗ ಫಿಲ್ಮಿನ ತುದಿ ಕ್ಯಾಮೆರಾದ ಹಲ್ಲಿಗೆ ಸಿಕ್ಕಿರಲಿಲ್ಲ. ಕ್ಲಿಕ್ ಸದ್ದು ಬರುತ್ತಿತ್ತು, ಅಂಕಿ ಮುಂದೆ ಹೋಗುತ್ತಿತ್ತು, ಫಿಲ್ಮು ಮಾತ್ರ ಕದಲಿರಲಿಲ್ಲ. ತೊಳೆದಾಗ ರೋಲು ಈ ತುದಿಯಿಂದ ಆ ತುದಿಯವರೆಗೆ ಗಾಜಿನ ಹಾಗೆ ತಿಳಿಯಾಗಿತ್ತು. ಚಪ್ಪಲಿ, ಚಾಳೀಸು, ಡಬ್ಬಿಗಳ ಮೊದಲ ರೋಲು ಚೆನ್ನಾಗಿ ಬಂದಿತ್ತು.

ನಾಲ್ಕು ದಿನ ಧೈರ್ಯ ಬರಲಿಲ್ಲ. ಐದನೆಯ ದಿನ ಬೇಡಕಿಹಾಳಕ್ಕೆ ಹೋದೆ. ದತ್ತೋಬಾ ಎಮ್ಮೆಗೆ ಕಬ್ಬಿನ ವಾಡೆಯ ಮೇವು ಹಾಕುತ್ತಿದ್ದರು. ನನ್ನ ಕೈಯಲ್ಲಿ ಲಕೋಟೆ ಇಲ್ಲದ್ದನ್ನು ನೋಡಿದರು. ಹೇಳಿದೆ. ಅರ್ಥವಾಗಲಿಲ್ಲವೇನೋ ಎಂದು ಮತ್ತೊಮ್ಮೆ ಹೇಳಿದೆ.

"ತಿಳೀತ ಬಿಡ್ರಿ, ಎರಡ ಸಲ ಯಾಕ ಹೇಳ್ತೀರಿ," ಎಂದರು. ಉಳಿದ ವಾಡೆಯನ್ನು ಎಮ್ಮೆಯ ಮುಂದೆ ಹರವಿದರು. ಆಮೇಲೆ ಹೇಳಿದರು, "ನಾ ಹೊಸದಾಗಿ ಕೆಲಸಕ್ಕ ಸೇರಿದಾಗ ಖಾಲಿ ಕಂಡಿಕಿ ಇಟ್ಟ ಮಗ್ಗ ಓಡಿಸಿದ್ನಿ. ಸಪ್ಪಳ ಜೋರ ಇತ್ತು. ನೇಯ್ದ ಅರಿವಿ ಒಂದ್ ಬೆರಳೂ ಇರಲಿಲ್ಲ. ಮುಕಾದಮ್ ಬೈಲಿಲ್ಲ. 'ಮತ್ತ ನೇಯಿ' ಅಂದಾ."

ನನ್ನ ಮುಖ ನೋಡಿದರು.

"ನಿಮಗ ಹಂಗ ಅನ್ನಾಕ ಈಗ ಮಗ್ಗ ಇಲ್ಲ ಮಾಸ್ತರ. ನೀವು ಕಣ್ಣಿಲೆ ನೋಡೀರಿ. ಯಾರರ ಕೇಳಿದ್ರ ಹೇಳ್ರಿ."

ಒಳಗಿನಿಂದ ಚಹಾ ತರಿಸಿ ಕುಡಿಸಿ ಕಳಿಸಿದರು. ಅದೇ ಕಡೆಯ ಭೇಟಿ. ಮುಂದಿನ ದೀಪಾವಳಿಗೆ ಅವರಿರಲಿಲ್ಲ.

ಇಷ್ಟು ವರ್ಷದಲ್ಲಿ ಯಾರೂ ಕೇಳಲಿಲ್ಲ. ಕೇಳದಿದ್ದರೂ ಹೇಳುತ್ತಿದ್ದೇನೆ: ದತ್ತೋಬಾ ಕೆಲಸ ಅರ್ಧಕ್ಕೆ ಬಿಟ್ಟು ಹೋಗಲಿಲ್ಲ. ಸಾಹೇಬರು ತೀರಿಕೊಂಡಿದ್ದಾರೆ. ಸುಶೀಲಾಬಾಯಿ ಸದಲಗಾದಲ್ಲಿ ಮಗಳ ಮನೆಯಲ್ಲಿದ್ದಾರೆ, ನೆನಪು ಚುರುಕಾಗಿದೆ. ಬಾಬು ನಿಪ್ಪಾಣಿಯಲ್ಲೇ ಇದ್ದಾನೆ. ಬೇಕಿದ್ದರೆ ಅವರನ್ನೂ ಕೇಳಿ.