ಕಿಟಕಿಯಿಂದ ಬಂದ ಕೂಸು

ಹೋದ ವಾರ ಚಳ್ಳಕೆರೆ ಬಸ್‌ಸ್ಟ್ಯಾಂಡಿನಲ್ಲಿ ನನಗೊಂದು ಮಗುವಾಯಿತು!

ಗಾಬರಿಯಾಗಬೇಡಿ. ಮೊಳಕಾಲ್ಮೂರಿನ ಬಸ್ಸಿನಲ್ಲಿ ಕಿಟಕಿ ಸೀಟು ಹಿಡಿದು ಕೂತಿದ್ದೆ. ಅಲ್ಲಿನ ಕಾಲೇಜಿನಲ್ಲಿ ನನ್ನದೊಂದು ಭಾಷಣ. ವಿಷಯ: ‘ಪ್ರಶ್ನಿಸದೆ ಯಾರನ್ನೂ ನಂಬಬೇಡಿ, ದೇವರನ್ನೂ!’ (ನಾನು ಮನೆಗೆ ಬರುವ ಹಾಲಿನವನನ್ನೇ ನಂಬುವವನಲ್ಲ.)

ಬಾಗಿಲಲ್ಲಿ ನೂಕುನುಗ್ಗಲು. ಕಿಟಕಿಯ ಹೊರಗಿಂದ ಹೆಂಗಸೊಬ್ಬಳು, “ಅಣ್ಣಾ, ಒಂಚೂರು ಹಿಡ್ಕಳ್ರಿ” ಎಂದವಳೇ ಕೂಸನ್ನು ನನ್ನ ಮಡಿಲಿಗೆ ತುರುಕಿ ಮಾಯವಾದಳು. ನಮ್ಮ ಕಡೆ ಕಿಟಕಿಯಿಂದ ಟವೆಲ್ಲೂ ಬರುತ್ತದೆ, ಕೂಸೂ ಬರುತ್ತದೆ.

ನನಗೋ ಎದೆ ಉಬ್ಬಿತು. ಇಷ್ಟು ಜನರಲ್ಲಿ ನನ್ನನ್ನೇ ಆರಿಸಿದಳಲ್ಲ! ಮುಖದಲ್ಲಿ ಸಭ್ಯತೆ ಎದ್ದು ಕಾಣುತ್ತಿರಬೇಕು ಅಂದುಕೊಂಡೆ. (ಹೆಂಡತಿಗೆ ಇವತ್ತಿಗೂ ಕಂಡಿಲ್ಲ.)

ಅಷ್ಟರಲ್ಲಿ ಬಸ್ಸು ಹೊರಟೇಬಿಟ್ಟಿತು. ತಾಯಿ ಎಲ್ಲಿ? ಮುಂದೆ ಇಲ್ಲ. ಹಿಂದೆ ಬರೀ ತಲೆಗಳು. “ಯಮ್ಮಾ!” ಅಂತ ಕೂಗಿದೆ. ಎಂಜಿನ್ ಸದ್ದಿನಲ್ಲಿ ನನ್ನ ಕೂಗು ನನಗೇ ಕೇಳಲಿಲ್ಲ. ಬೇಕಂತಲೇ ಬಿಟ್ಟುಹೋದಳೇ? ಪೊಲೀಸರಿಗೆ ಏನು ಹೇಳಲಿ? ಅದಿರಲಿ, ಎಸ್‌ಟಿಡಿ ಬೂತಿನಿಂದ ಹೆಂಡತಿಗೆ ಏನಂತ ಹೇಳಲಿ?

ಕೂಸು ಮಾತ್ರ ನನ್ನ ಹೆಬ್ಬೆರಳು ಹಿಡಿದುಕೊಂಡು ನಿದ್ದೆ ಹೋಗಿತ್ತು. ನಂಬುವುದನ್ನು ಅದಕ್ಕೆ ಯಾರು ಕಲಿಸಿದರೋ! ನನಗಂತೂ ಅನುಮಾನಪಡುವುದನ್ನು ಕಲಿಸಿದವರು ಬೇಕಾದಷ್ಟು ಜನ.

“ಅಪ್ಪಾ ದೇವರೇ, ಕಾಪಾಡಪ್ಪಾ!”

ಹೌದು, ನನ್ನ ಬಾಯಿಂದಲೇ ಬಂತು. ಅವ್ವ ಕಲಿಸಿದ್ದೋ, ಹುಟ್ಟುತ್ತಲೇ ತಂದದ್ದೋ, ಗೊತ್ತಿಲ್ಲ. ಬಸ್ಸು ಮೊಳಕಾಲ್ಮೂರಿನ ಕಡೆ ಹೋಗುತ್ತಿದ್ದರೆ ನನ್ನ ವಿಚಾರವಾದ ಉಲ್ಟಾ ತಿರುಗಿ ಹಿರಿಯೂರಿನ ಕಡೆ ಓಡಿತ್ತು.

ಪಕ್ಕದ ಸೀಟಿನ ಅಜ್ಜ ನಕ್ಕ. “ಯಾಕ್ರಿ ಸ್ವಾಮಿ, ಹಂಗೆ ಬೆವರ್ತೀರಿ? ಆವಮ್ಮ ಹಿಂದ್ಗಡೆ ನಿಂತೈತೆ. ಬರ್ತೈತೆ ಬಿಡ್ರಿ.”

ದಾರಿಯಲ್ಲಿ ತಳಕು ಸ್ಟಾಪಿನಲ್ಲಿ ಜನ ಇಳಿದ ಮೇಲೆ ಬಂದಳು, ಆರಾಮಾಗಿ ಎಲೆಅಡಿಕೆ ಮೆಲ್ಲುತ್ತಾ! ಹೋದ ಜೀವ ಬಂದ ಹಾಗಾಯಿತು. ಹಿಂದೆಯೇ ಸಿಟ್ಟೂ ಬಂತು.

“ಅಲ್ಲಮ್ಮಾ, ಗುರುತಿಲ್ಲ ಪರಿಚಯವಿಲ್ಲ, ನನ್ನನ್ನ ಹೆಂಗೆ ನಂಬಿದೆ?”

ಕೂಸನ್ನು ಎತ್ತಿ ಹೆಗಲಿಗೆ ಹಾಕಿಕೊಳ್ಳುತ್ತಾ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ನಿಮ್ಮನ್ನ ಯಾರು ನಂಬಿದ್ರಣ್ಣ? ಬಸ್ ತುಂಬ ಜನ ಇದಾರಲ್ಲ, ನೋಡ್ಕಂಡಿರ್ತಾರೆ!”

ಅಂದರೆ, ಅಷ್ಟು ದೂರ ಬಸ್ಸಿಗೆ ಬಸ್ಸೇ ಕಣ್ಣಿಟ್ಟು ಕಾಯುತ್ತಿದ್ದದ್ದು ಕೂಸನ್ನಲ್ಲ, ನನ್ನನ್ನ!