ಬಹಾದೂರನಿಗೆ ಕೊಟ್ಟೆನೆಂದ ಗುಳಿಗೆ

ಆ ಎರಡು ಗುಳಿಗೆಗಳನ್ನು ನಾನು ಬಹಾದೂರನಿಗೆ ಕೊಟ್ಟೆನೋ ಇಲ್ಲವೋ, ನನಗೆ ಖಚಿತವಿಲ್ಲ. ಕೊಟ್ಟ ದೃಶ್ಯ ಕಣ್ಣೆದುರಿಗಿದೆ. ಶಾಲೆಯ ಜಗಲಿ, ಅವನ ಒದ್ದೆ ಅಂಗೈ, ನೀರಿನಲ್ಲಿ ನೆನೆದು ಬಿಳಿಚಿದ ಬೆರಳು, ಅದರ ಮೇಲೆ ನಾನಿಟ್ಟ ಕಾಗದದ ಪೊಟ್ಟಣ. ಆದರೆ ಜ್ವರದಲ್ಲಿ ನಾನು ಕಂಡದ್ದು ಇನ್ನೂ ಬೇಕಾದಷ್ಟಿದೆ. ಕಾರವಾರದ ಆಸ್ಪತ್ರೆಯಲ್ಲಿ ಬಹಾದೂರ ನನ್ನ ಪಕ್ಕದ ಬೆಡ್ಡಿನಲ್ಲೇ ಇದ್ದ ಎಂದು ನಾನು ಬಹಳ ದಿನ ಹೇಳುತ್ತಿದ್ದೆ. ಅಲ್ಲಿದ್ದದ್ದು ದೇವಬಾಗದ ಮುದುಕರೊಬ್ಬರು ಎನ್ನುತ್ತಾಳೆ ಹೆಂಡತಿ ಸುಮಿತ್ರಾ. ಅವಳು ಹೇಳಿದ್ದೇ ಸರಿಯಿರಬೇಕು. ಅವಳಿಗೆ ಜ್ವರ ಇರಲಿಲ್ಲ.

ಶುರುವಾದದ್ದು ಮೀನಖಂಡದಿಂದ.

ಗಂಗಾವಳಿಯ ನೆರೆ ಇಳಿದು ಒಂದು ವಾರ ಕಳೆದಿತ್ತು. ರಾಮನಗುಳಿಯಿಂದ ಕೆಳಗೆ, ಹೊಳೆದಂಡೆಯ ಸಣ್ಣ ಊರು ನಮ್ಮದು. ಮನೆಯೊಳಗಿನ ಕೆಸರು ತೆಗೆದು ತೆಗೆದು ಕಾಲು ಹಿಡಿದಿದೆ ಎಂದುಕೊಂಡೆ. ಮರುದಿನ ಚಳಿ. ಅದರ ಮರುದಿನ ಕನ್ನಡಿಯಲ್ಲಿ ಕಣ್ಣು ಕೆಂಪು, ಉಚ್ಚೆ ಕಡು ಚಹಾದ ಬಣ್ಣ. ನಾನು ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಓದಿದವನು. ನಾಲ್ಕು ಕೆಲಸ ಹಿಡಿದು ನಾಲ್ಕನ್ನೂ ಬಿಟ್ಟು ಈಗ ಅಂಕೋಲೆಯ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಪುರಾವೆಯಿಲ್ಲದೆ ಏನನ್ನೂ ನಂಬಬೇಡಿ ಎಂದು ಮಕ್ಕಳಿಗೆ ಹೇಳುವುದೇ ನನ್ನ ಕಸುಬು. ಇಷ್ಟು ಪುರಾವೆ ಮೈಮೇಲೆ ಬಂದು ಕೂತಿದ್ದರೂ ಇನ್ನೆರಡು ದಿನ ಪ್ಯಾರಾಸಿಟಮಾಲ್ ನುಂಗಿ ಮಲಗಿದ್ದೆ.

ಅಂಕೋಲೆಯಲ್ಲಿ ಡಾಕ್ಟರು ಮೀನಖಂಡವನ್ನು ಹೆಬ್ಬೆರಳಿನಿಂದ ಒತ್ತಿದರು. ನಾನು ಕೂಗಿಕೊಂಡೆ. ಬ್ಲಡ್ ರಿಪೋರ್ಟ್ ಬಂದ ಕೂಡಲೇ ಆಂಬುಲೆನ್ಸಿನಲ್ಲಿ ಕಾರವಾರಕ್ಕೆ ಕಳಿಸಿದರು.

ಲೆಪ್ಟೊಸ್ಪೈರೋಸಿಸ್. ಇಲಿಜ್ವರ.

ಕಾರವಾರದಲ್ಲಿ ಚಿಕ್ಕ ವಯಸ್ಸಿನ ಡಾಕ್ಟರೊಬ್ಬಳು ಕೇಸ್ ಶೀಟ್ ಹಿಡಿದು ಕೇಳಿದಳು. "ನೆರೆ ನೀರಿಗೆ ಇಳಿದಿದ್ರಾ?"

"ಹೌದು."

"ಕಾಳಜಿ ಕೇಂದ್ರದಲ್ಲಿ ಈ ಜ್ವರ ಬರದ ಹಾಗೆ ಡಾಕ್ಸಿಸೈಕ್ಲಿನ್ ಗುಳಿಗೆ ಕೊಟ್ಟಿರ್ಬೇಕಲ್ಲ. ತಗೊಂಡಿಲ್ವಾ?"

"ಬೇರೆಯವರಿಗೆ ಕೊಟ್ಟೆ. ಅವನಿಗೆ ಸಿಕ್ಕಿರಲಿಲ್ಲ," ಎಂದೆ.

ಈ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು ಎಂದು ಸುಮಿತ್ರಾ ಹೇಳುತ್ತಾಳೆ. ಮನೆಯಲ್ಲಿ ಒಮ್ಮೆಯೂ ಹೇಳಿರಲಿಲ್ಲವಂತೆ.

ಬಹಾದೂರನ ಬಗ್ಗೆ ಹೇಳಬೇಕು. ನೇಪಾಳದವನು. ಯಲ್ಲಾಪುರ ರಸ್ತೆಯ ಬದಿಯಲ್ಲಿ ಗೋಬಿ ಅಂಗಡಿ ಹಾಕಿ ಹನ್ನೊಂದು ವರ್ಷವಾಗಿತ್ತು. ಹೆಂಡತಿ ಕಮಲಾ ಹಿಟ್ಟು ಕಲಸುತ್ತಿದ್ದಳು, ಅವನು ಬಾಣಲೆ ಮುಂದೆ. ನೆರೆ ಬಂದಾಗ ಅಂಗಡಿ, ಹಿಂದಿನ ಕೋಣೆ ಎರಡೂ ಹೋದವು. ಎಲ್ಲರ ಹಾಗೆ ಅವರೂ ಶಾಲೆಯ ಕಾಳಜಿ ಕೇಂದ್ರಕ್ಕೆ ಬಂದರು. ಊಟಕ್ಕೆ ಯಾರೂ ಏನೂ ಕೇಳಲಿಲ್ಲ. ಬಹಾದೂರನೇ ಮೂರು ದಿನ ನೂರಾರು ಜನರ ಅನ್ನ ಬಸಿದ. ಹಗಲೆಲ್ಲ ಎದೆಮಟ್ಟದ ನೀರಿಗಿಳಿದು ಬೇರೆಯವರ ಗ್ಯಾಸ್ ಸಿಲಿಂಡರ್ ಎಳೆದು ತಂದ.

ಪಟ್ಟಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಅಕ್ಷರ ಚೆಂದ, ಓದಿದವನು ಎಂದು. ಚಾದರ, ಪಾತ್ರೆ, ಅಕ್ಕಿ ಇದ್ದ ಸರ್ಕಾರದ ಕಿಟ್‌ಗೆ ಆಧಾರ್ ನಂಬರು ಬೇಕಿತ್ತು. ಆಶಾ ಕಾರ್ಯಕರ್ತೆ ಗೀತಾ ಗುಳಿಗೆಯ ಡಬ್ಬಿ ಹಿಡಿದು ಬಂದದ್ದು ಬೇರೆ ಲೆಕ್ಕದಲ್ಲಿ. ನೀರಿಗಿಳಿದ ದೊಡ್ಡವರಿಗೆಲ್ಲ ಎರಡೆರಡು. ಜನ ಎರಡು ಸಾಲಿನಲ್ಲಿ ನೂಕಾಡುವುದು ನೋಡಿ ನಾನೇ ಹೇಳಿದೆ, "ಎರಡು ಪಟ್ಟಿ ಯಾಕೆ? ಒಂದೇ ಸಾಕು." ಗೀತಾ ಕತ್ತರಿಯಿಂದ ಸ್ಟ್ರಿಪ್ ತುಂಡು ಮಾಡುವುದು, ನಾನು ಕಾಗದದಲ್ಲಿ ಸುತ್ತಿ, ಮೇಲೆ ಪಟ್ಟಿಯ ಕ್ರಮಸಂಖ್ಯೆ ಬರೆದು, ಸ್ಟೇಪಲ್ ಹೊಡೆಯುವುದು. ಕಿಟ್ ಜೊತೆ ಪೊಟ್ಟಣ. ಒಂದು ಸಹಿ. ನನಗೆ ನನ್ನ ವ್ಯವಸ್ಥೆಯ ಬಗ್ಗೆ ಹೆಮ್ಮೆಯಾಯಿತು. ಗುಳಿಗೆಗೆ ಆಧಾರ್ ಬೇಕೆಂದು ಯಾವ ಅಧಿಕಾರಿಯೂ ಹೇಳಿರಲಿಲ್ಲ. ಬೇಕಾಗುವಂತೆ ಮಾಡಿದ್ದು ನಾನು.

ಬಹಾದೂರ ಲ್ಯಾಮಿನೇಟ್ ಮಾಡಿದ ನೇಪಾಳದ ಕಾರ್ಡು ಮುಂದಿಟ್ಟ. "ಇದು ನಡೀತದ್ಯಾ ಸರ್?"

ಹಿಂದೆ ನಿಂತಿದ್ದ ಹಮ್ಮಣ್ಣ, ಊರಿನ ಟೆಂಪೋ ಮಾಲೀಕ, ಜೋರಾಗಿ ನಕ್ಕ. "ಮಾಸ್ತರ್ರೆ, ಹಾಗಾರೆ ನನ್ನ ಎಮ್ಮೆ ಹೆಸರೂ ಬರೀರಿ. ಅದಾರೂ ಇಲ್ಲೇ ಹುಟ್ಟಿದ್ದು."

ಸಾಲು ನಕ್ಕಿತು. ಬಹಾದೂರನೂ ನಕ್ಕ.

"ತಮಾಷೆ ಅಲ್ಲ ಮಾರಾಯ," ಹಮ್ಮಣ್ಣ ಬಿಡಲಿಲ್ಲ. "ನಮ್ಮವ್ರಿಗೇ ಸಾಲೂದಿಲ್ಲ. ಇವ್ನಿಗೆ ಇವ್ನ ಸರ್ಕಾರ ಕೊಡ್ಲಿ. ನಾವು ಕಾಠ್ಮಂಡುಗೆ ಹೋರೆ ನಮ್ಗೆ ಚಾದರ ಕೊಡ್ತ್ರಾ?"

ನಾನು ಆಗ ಹಮ್ಮಣ್ಣನಿಗೆ ಖಾರವಾಗಿ ಉತ್ತರ ಕೊಟ್ಟೆ ಎಂದು ನನ್ನ ನೆನಪು. ಇವನು ಕೊಳ್ಳುವ ಪ್ರತಿ ಎಣ್ಣೆ ಡಬ್ಬಿಯ ಮೇಲೂ ತೆರಿಗೆ ಕಟ್ಟಿದ್ದಾನೆ ಎಂದೆ, ನೆರೆ ಬಂದದ್ದು ಅವನ ದೇಶದಲ್ಲಲ್ಲ ಎಂದೆ. ಗೀತಾಳ ಪ್ರಕಾರ ನಾನು ಒಂದು ಮಾತೂ ಆಡಲಿಲ್ಲ. ಕಾರ್ಡು ಹಿಂದಕ್ಕೆ ಸರಿಸಿ "ಮುಂದಿನವರು" ಎಂದೆನಂತೆ. ಖಾರದ ಉತ್ತರ ನಾನು ಆಮೇಲೆ ಹಾಸಿಗೆಯಲ್ಲಿ ಕಟ್ಟಿಕೊಂಡದ್ದಿರಬಹುದು.

ಅದೇ ಸಂಜೆ, ಜಗಲಿಯಲ್ಲಿ, ನನ್ನ ಪಾಲಿನ ಪೊಟ್ಟಣವನ್ನು ಅವನ ಅಂಗೈಯಲ್ಲಿಟ್ಟೆ. ಅಥವಾ ಇಡಲಿಲ್ಲ.

ಆಸ್ಪತ್ರೆಯ ದಿನಗಳು ತುಂಡು ತುಂಡಾಗಿವೆ. ಕ್ರಿಯಾಟಿನಿನ್ ಏರುತ್ತಿದೆ. ಪ್ಲೇಟ್‌ಲೆಟ್ ಇಳಿಯುತ್ತಿದೆ. ಉಚ್ಚೆ ಬರುತ್ತಿಲ್ಲ. ಕುತ್ತಿಗೆಗೆ ನಳಿಗೆ. ನನ್ನದೇ ರಕ್ತ ಯಂತ್ರದೊಳಗೆ ಹೋಗಿ ಬರುವುದನ್ನು ನೋಡುತ್ತ ಮಲಗಿದ್ದೆ. ಸಿಸ್ಟರ್ ಕೊಂಕಣಿಯಲ್ಲಿ ಯಾರನ್ನೋ ಗದರುತ್ತಿದ್ದಳು, ನನಗೆ ಮಾತ್ರ ಕನ್ನಡದಲ್ಲಿ, "ಮಾಸ್ತರ್ರೆ, ಕೈ ಎಳೀಬೇಡಿ, ಕಟ್ಟಿ ಹಾಕ್ತೆ ನೋಡಿ." ಮೂರು ಡಯಾಲಿಸಿಸ್ ಆಯಿತು. ನಾಲ್ಕನೆಯದಕ್ಕೆ ಸಿದ್ಧ ಮಾಡುವಷ್ಟರಲ್ಲಿ ಚೀಲದಲ್ಲಿ ಉಚ್ಚೆ ಕಂಡಿತು. ಸುಮಿತ್ರಾ ಆ ಚೀಲ ನೋಡಿ ಅತ್ತಳು. ಮದುವೆಯಾದ ಮೇಲೆ ಅವಳು ಅಷ್ಟು ಸಂತೋಷಪಟ್ಟದ್ದು ನಾನು ಕಂಡಿಲ್ಲ.

ವಾರ್ಡಿಗೆ ಬಂದ ಮೇಲೆ ಬಹಾದೂರ ಎಲ್ಲಿ ಎಂದು ಕೇಳಿದೆ. ಪಕ್ಕದ ಬೆಡ್ಡು ಖಾಲಿಯಿತ್ತು. ಅವಳು ಮಾತು ತಪ್ಪಿಸಿದಳು. ಊರಿಗೆ ಬಂದ ಮೇಲೆ ಹೇಳಿದಳು.

ಬಹಾದೂರ ಸತ್ತು ಇಪ್ಪತ್ತು ದಿನವಾಗಿತ್ತು.

ನಾನು ದಾಖಲಾದ ಎರಡು ದಿನಕ್ಕೆ ಅವನೂ ಬಿದ್ದನಂತೆ. ಅದೇ ಜ್ವರ. ಟೆಂಪೋದಲ್ಲಿ ಹಾಕಿಕೊಂಡು ಓಡಿದವನು ಹಮ್ಮಣ್ಣ. ಅಂಕೋಲೆಯಿಂದ ಕಾರವಾರದವರೆಗೆ ಕಮಲಾಳ ಜೊತೆ ಬಂದವನೂ ಅವನೇ, ಸಂಬಂಧಿ ಎಂದು ಫಾರ್ಮಿಗೆ ಸಹಿ ಹಾಕಿದವನೂ ಅವನೇ. ಆಸ್ಪತ್ರೆಯಲ್ಲಿ ಯಾರೂ ಅವನ ದೇಶ ಕೇಳಲಿಲ್ಲ. ತಂದಾಗಲೇ ಶ್ವಾಸಕೋಶಕ್ಕೆ ರಕ್ತ ಇಳಿದಿತ್ತು.

ಫಾಲೋಅಪ್‌ಗೆ ಹೋದಾಗ ಡಾಕ್ಟರನ್ನು ಕೇಳಿದೆ. ಗುಳಿಗೆ ತಿಂದಿದ್ದರೆ ಬದುಕುತ್ತಿದ್ದನೇ?

"ಸಾಧ್ಯತೆ ಹೆಚ್ಚಿತ್ತು. ಖಾತ್ರಿ ಅಂತ ಹೇಳೋಕಾಗಲ್ಲ."

ಖಾತ್ರಿಯಿಲ್ಲ ಎಂಬ ಮಾತನ್ನು ಇಡೀ ಜೀವನ ನಾನು ಆಯುಧದ ಹಾಗೆ ಹಿಡಿದುಕೊಂಡು ಓಡಾಡಿದ್ದೆ. ಆವತ್ತು ಅದನ್ನು ಹೊದ್ದು ಮಲಗಬೇಕು ಅನ್ನಿಸಿತು.

ಹೊರದೇಶದವನಿಗೆ ಸರ್ಕಾರದ ಪರಿಹಾರ ಸಿಗಬೇಕೇ ಎಂಬ ಪ್ರಶ್ನೆಗೆ ಈಗಲೂ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಬಿದ್ದ ಮನೆ ಕಟ್ಟಲು ಕೊಡುವುದಕ್ಕೆ ದಾಖಲೆ ಕೇಳಿದರೆ ಅರ್ಥವಾಗುತ್ತದೆ. ಹಮ್ಮಣ್ಣನ ಸಂಕಟವೂ ಸುಳ್ಳಲ್ಲ, ಅವನ ಕೊಟ್ಟಿಗೆ ಹೋಗಿತ್ತು. ಆದರೆ ಕೊಳೆನೀರಿನಲ್ಲಿ ನಿಂತ ಕಾಲಿಗೆ ಕೊಡುವ ಗುಳಿಗೆ ಬಹುಮಾನವೂ ಅಲ್ಲ, ಹಕ್ಕುಪತ್ರವೂ ಅಲ್ಲ. ನಾನು ಎರಡನ್ನೂ ಒಂದೇ ಪಟ್ಟಿಗೆ ಹಾಕಿದೆ, ಚೊಕ್ಕವಾಗಿ ಕಾಣಲಿ ಎಂದು.

ಕಳೆದ ವಾರ ಕಮಲಾ ಮನೆಗೆ ಬಂದಳು. ಕೈಯಲ್ಲಿ ಬಾಳೆಗೊನೆಯ ಒಂದು ಚಿಪ್ಪು. ಕೂರು ಎಂದರೂ ಕೂರಲಿಲ್ಲ.

"ಸರ್, ನಿಮ್ಮ ಪಾಲಿನ ಗುಳಿಗೆ ನಮ್ಮವ್ರಿಗೆ ಕೊಟ್ರಿ ಅಂತೆ. ಸುಮಿತ್ರಕ್ಕ ಹೇಳ್ದ್ರು. ನಮ್ಮಿಂದ ನಿಮ್ಗೆ ಇಷ್ಟು ಕಷ್ಟ ಆಯ್ತು."

ಚಿಪ್ಪನ್ನು ಬಾಗಿಲ ಪಕ್ಕ ಇಟ್ಟಳು.

"ಅವ್ರು ನಿಮ್ಮೆದ್ರಿಗೇ ತಿಂದ್ರಾ ಸರ್?"

"ನೆನಪಿಲ್ಲ."

"ತಿಂದಿರೂದಿಲ್ಲ. ಗುಳಿಗೆ ಅಂದ್ರೆ ಅವ್ರಿಗೆ ಆಗೂದೇ ಇಲ್ಲಾಗಿತ್ತು. ಎಲ್ಲಾದ್ರೂ ಎಸೆದಿರ್ತ್ರು." ಅವಳ ದನಿ ಗಟ್ಟಿಯಾಯಿತು. "ಕೊಟ್ಟದ್ದ ತಿನ್ನೂಕೆ ಎಂತ ಆಗಿತ್ತು ಅವ್ರಿಗೆ? ಸಿಟ್ಟೇ ಬರ್ತದೆ ಸರ್. ಸತ್ತವ್ರ ಮೇಲೆ ಸಿಟ್ಟು ಮಾಡ್ಬಾರ್ದು, ಆದ್ರೂ ಬರ್ತದೆ."

ಅವಳು ಹೋದ ಮೇಲೆ ಇದನ್ನು ಬರೆಯಲು ಕೂತೆ.

ಇಲ್ಲಿಯವರೆಗೆ ಬರೆದು ಎರಡು ದಿನ ನಿಲ್ಲಿಸಿದ್ದೆ. ನೆರೆಯ ದಿನಗಳಲ್ಲಿ ತೊಟ್ಟಿದ್ದ ರೇನ್‌ಕೋಟನ್ನು ಸುಮಿತ್ರಾ ಅಟ್ಟದ ಗೂಟಕ್ಕೆ ಹಾಕಿದ್ದಳು. ಇಳಿಸಿದೆ. ಕೆಸರು ಒಣಗಿ ಉದುರಿತು. ಒಳಜೇಬಿನಲ್ಲಿ ಕಾಗದದ ಪೊಟ್ಟಣ ಇತ್ತು. ಮೇಲೆ ನನ್ನ ಚೆಂದದ ಅಕ್ಷರದಲ್ಲಿ ಅರವತ್ತೊಂದು, ಪಟ್ಟಿಯಲ್ಲಿ ನನ್ನದೇ ಸಂಖ್ಯೆ. ತಿಂದರೆ ಜ್ವರ ಬರುವುದಿಲ್ಲ ಎಂಬುದಕ್ಕೆ ಪುರಾವೆ ಏನು ಎಂದುಕೊಂಡು ಜೇಬಿಗೆ ಹಾಕಿಕೊಂಡಿರಬೇಕು. ಆಮೇಲೆ ಮರೆತಿರಬೇಕು. ಸ್ಟೇಪಲ್ ಪಿನ್ನು ತುಕ್ಕು ಹಿಡಿದಿತ್ತು, ಬಿಚ್ಚಿರಲಿಲ್ಲ.

ಅದನ್ನು ಹಿಡಿದುಕೊಂಡೇ ಕಮಲಾಳಲ್ಲಿಗೆ ಹೋದೆ. ಅವಳು ಮತ್ತೆ ಅಂಗಡಿ ಹಾಕಿದ್ದಾಳೆ, ಬಾಣಲೆಯ ಮುಂದೆ ಈಗ ಒಬ್ಬಳೇ. ಇದು ನನ್ನ ಪಾಲಿನ ಗುಳಿಗೆ, ಅವನಿಗೆ ಕೊಟ್ಟೇ ಇರಲಿಲ್ಲ ಎಂದೆ. ಪೊಟ್ಟಣವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಬೈದರೆ ಕೇಳಿಸಿಕೊಳ್ಳಲು ಸಿದ್ಧನಾಗಿ ನಿಂತಿದ್ದೆ.

"ಹಾಗಾರೆ ಅವ್ರು ಎಸೀಲಿಲ್ಲ," ಎಂದಳು, ಅಷ್ಟೆ.

ನನ್ನ ಮೂತ್ರಪಿಂಡಗಳು ಮರಳಿವೆ. ನೀರು ಕುಡಿಯುವಾಗೆಲ್ಲ ಅದು ನೆನಪಾಗುತ್ತದೆ. ಉಳಿದ ನೆನಪುಗಳಿಗೆ ನಾನು ಆಣೆ ಮಾಡಲಾರೆ. ಆದರೆ ಗೀತಾಳ ಗುಳಿಗೆ ಲೆಕ್ಕದ ಪುಸ್ತಕ ತೆಗೆಸಿ ಪಟ್ಟಿಯೊಂದಿಗೆ ತಾಳೆ ನೋಡಿದೆ. ಪಟ್ಟಿಯ ಹೊರಗೆ ಒಂದು ಪೊಟ್ಟಣವೂ ಹೋಗಿಲ್ಲ, ಮತ್ತು ಗುಳಿಗೆಗಳು ಉಳಿದು ಡಬ್ಬಿಯಲ್ಲೇ ವಾಪಸಾಗಿವೆ.