ಎಡಗೈಯ ಬ್ರೇಕು

ಶೀನಪ್ಪ ಸೈಕಲ್ ತೆಗೆದುಕೊಳ್ಳಲು ಹೊರಟಿದ್ದಾನೆಂಬ ಸುದ್ದಿ ಹಬ್ಬಿದಾಗ ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನಲ್ಲಿ ಯಾರೂ ನಗಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ನಗೆಗೆ ಬರವಿರಲಿಲ್ಲ. ಬೆಳ್ತಂಗಡಿ ರೂಟಿನಲ್ಲಿ ಅರ್ಧ ಆಯುಷ್ಯ ಸವೆಸಿದ, ಹೊಟ್ಟೆ ಸ್ಟಿಯರಿಂಗಿಗೆ ತಾಗುವ ಡ್ರೈವರನಿಗೆ ಈ ಪ್ರಾಯದಲ್ಲಿ ಗುಡ್ಡ ಹತ್ತಿಳಿಯುವ ಸೈಕಲಿನ ಮರುಳು ಹಿಡಿದರೆ ಕಂಡಕ್ಟರುಗಳು ಸುಮ್ಮನೆ ಬಿಡುತ್ತಿದ್ದರೇ? ಆದರೆ ಅವನ ಒಬ್ಬನೇ ಮಗ ಮನೀಷ್ ಸತ್ತದ್ದೇ ಅಂಥ ಸೈಕಲಿನಿಂದ ಬಿದ್ದು. ಮಳೆಗಾಲ ಮುಗಿದ ಮೇಲಿನ ಒಂದು ಭಾನುವಾರ, ಪುತ್ತಿಗೆಯ ಹಿಂದೆ, ಪದವು ಎಂದು ಕರೆಯುವ ಬೋಳುಗುಡ್ಡದ ನೆತ್ತಿಯಿಂದ ಕೆಳಗಿನ ನೀರಿನ ತೋಡಿಗೆ ಇಳಿಯುವ ಕೆಂಪು ಮುರಕಲ್ಲಿನ ದಾರಿಯಲ್ಲಿ ಬಿದ್ದ. ಹೆಲ್ಮೆಟ್ ಹಾಕಿದ್ದ. ತಲೆ ಉಳಿಯಿತು, ಕುತ್ತಿಗೆ ಉಳಿಯಲಿಲ್ಲ.

ಸತ್ತವರ ಬಗ್ಗೆ ಊರು ಎದುರಿಗೊಂದು ಮಾತಾಡುತ್ತದೆ, ಬೆನ್ನ ಹಿಂದೊಂದು. ಎದುರಿಗೆ ‘ಎಂಥ ಒಳ್ಳೆಯ ಹುಡುಗ’ ಎಂದವರೇ ಆಚೆ ಹೋಗಿ ‘ಸ್ಪೀಡ್ ಮಾರಾಯ, ಈಗಿನ ಮಕ್ಕಳಿಗೆ ಸ್ಪೀಡ್’ ಎಂದರು. ಪೊಲೀಸರ ಕಾಗದದಲ್ಲೂ ಅಜಾಗರೂಕತೆ ಎಂಬ ಪದ ಬಿತ್ತು. ಶೀನಪ್ಪನ ಗಂಟಲಲ್ಲಿ ಸಿಕ್ಕಿಕೊಂಡದ್ದು ಆ ಪದ. ಇಷ್ಟು ವರ್ಷದಲ್ಲಿ ಅವನ ಬಸ್ಸಿಗೆ ಒಂದು ನಾಯಿ ಸಿಕ್ಕಿ ಸತ್ತದ್ದಿಲ್ಲ. ಮಗನಿಗೆ ಸೈಕಲ್ ಕಲಿಸಿದ್ದೂ ಅವನೇ, ಶಾಲೆಯ ಮೈದಾನದಲ್ಲಿ, ಸೀಟು ಹಿಡಿದು ಹಿಂದೆ ಹಿಂದೆ ಓಡಿ. “ಇಳಿಜಾರಿನಲ್ಲಿ ಬಲಗೈ ಬ್ರೇಕ್ ಮುಟ್ಟಬೇಡ ಮಗಾ. ಅದು ಮುಂದಿನ ಚಕ್ರದ್ದು, ಎತ್ತಿ ಒಗೆಯುತ್ತದೆ. ಎಡಗೈ ಒತ್ತು, ಎಡಗೈ ಹಿಂದಿನದ್ದು” ಎಂದು ಅದೆಷ್ಟು ಸಲ ಹೇಳಿದ್ದನೋ. ನಿದ್ದೆಯಲ್ಲಿ ಕೇಳಿದರೂ ಆ ಹುಡುಗ ಎಡಗೈಯನ್ನೇ ಮುಚ್ಚಿ ತೋರಿಸುತ್ತಿದ್ದ. ಮಗ ಹೋದದ್ದನ್ನು ಹೇಗಾದರೂ ಹೊರಬಹುದು, ಆದರೆ ತಪ್ಪು ಮಾಡಿ ಹೋದ ಎಂಬುದನ್ನು ಹೊರಲಾರೆ ಎಂದು ಶೀನಪ್ಪ ತನ್ನೊಳಗೇ ಹಟ ಹಿಡಿದು ಕೂತ. ತಾನೇ ಒಂದು ಸೈಕಲ್ ತೆಗೆದು ಆ ದಾರಿಯನ್ನು ಇಳಿದು ನೋಡುವುದು, ಎಲ್ಲಿ ಏನಾಯಿತೆಂದು ಕಂಡುಕೊಳ್ಳುವುದು, ಆಮೇಲೆ ಊರಿನ ಬಾಯಿಗೆ ಬೀಗ ಹಾಕುವುದು. ಅದಕ್ಕೇ ರಜೆ ಹಾಕಿ ಅಬ್ದುಲ್ ನಾಸಿರನ ಸೈಕಲ್ ಅಂಗಡಿಗೆ ಹೊರಟಿದ್ದ.

ಆ ಅಂಗಡಿಯ ಮೆಟ್ಟಿಲು ಹತ್ತುವುದು ಸುಲಭವಿರಲಿಲ್ಲ. ಹಿಂದಿನ ವರ್ಷ ಮಗನನ್ನು ಕರೆದುಕೊಂಡು ಬಂದದ್ದೂ ಇಲ್ಲಿಗೇ. ಮಿಜಾರಿನ ಕಾಲೇಜೊಂದರ ಲ್ಯಾಬಿನಲ್ಲಿ ಕೆಲಸಕ್ಕಿದ್ದ ಮನೀಷನಿಗೆ ಭಾನುವಾರ ಗುಡ್ಡ ಸುತ್ತುವ ಹುಡುಗರ ಗುಂಪಿನ ಚಟ ಹತ್ತಿತ್ತು. ಅವನು ಉಳಿಸಿದ್ದು ಒಂದಿಷ್ಟು, ಉಳಿದದ್ದು ಅಪ್ಪ ಹಾಕುವುದೆಂದು ಮಾತಾಗಿತ್ತು. ನಾಸಿರ್ ಎರಡು ಸೈಕಲ್ ಎದುರಿಗೆ ನಿಲ್ಲಿಸಿದ. ಒಂದು ಕಪ್ಪು, ಸಪೂರ, ಮುಂದೆ ಮಾತ್ರ ಸ್ಪ್ರಿಂಗ್, ನೋಡಲು ಬಡಕಲು, ರೇಟು ಮಾತ್ರ ಮೇಲೆ. ಇನ್ನೊಂದು ಕೆಂಪು ಹಳದಿ, ಮುಂದೊಂದು ನಡುವಿಗೊಂದು ದಪ್ಪ ಸ್ಪ್ರಿಂಗ್, ಟಯರು ಮೋಟರ್‌ಸೈಕಲಿನ ಹಾಗೆ.

“ಶೀನಪ್ಪಣ್ಣ, ಈ ರೇಟಿಗೆ ಸಿಗುವ ಡಬಲ್ ಸ್ಪ್ರಿಂಗ್ ಬರೀ ಶೋಕಿಗೆ” ಎಂದಿದ್ದ ನಾಸಿರ್. “ಭಾರ ಉಂಟು, ಬ್ರೇಕ್ ಅಷ್ಟಕ್ಕಷ್ಟೆ. ಗುಡ್ಡಕ್ಕಾದರೆ ಹಗುರದ ಫ್ರೇಮ್ ನೋಡಬೇಕು, ಬ್ರೇಕ್ ನೋಡಬೇಕು. ಸ್ವಲ್ಪ ಹೆಚ್ಚು ಹಾಕಿ ಕಪ್ಪಿದ್ದು ಕೊಡಿಸಿ.”

“ಕಡಿಮೆಗೆ ಎರಡು ಸ್ಪ್ರಿಂಗ್ ಸಿಗುವಾಗ ಹೆಚ್ಚು ಕೊಟ್ಟು ಒಂದು ಸ್ಪ್ರಿಂಗ್ ತಗೊಳ್ಳಲಿಕ್ಕೆ ನನಗೇನು ಮರುಳಾ?” ಎಂದಿದ್ದ ಶೀನಪ್ಪ. “ನಾನು ಬಸ್ಸು ಬಿಡುವವ ಮಾರಾಯ. ಹಿಂದಿನ ಸ್ಪ್ರಿಂಗ್ ಪ್ಲೇಟ್ ತುಂಡಾದರೆ ಎಂಥ ಅವಸ್ಥೆ ಅಂತ ನನಗೆ ಗೊತ್ತುಂಟು.”

ನಾಸಿರ್ ವ್ಯಾಪಾರಿ. ಒಮ್ಮೆ ಹೇಳಿದ, ಎರಡನೇ ಸಲ ಹೇಳಲಿಲ್ಲ, ಬಿಲ್ ಹರಿದ. ಮನೀಷ್ ಕಪ್ಪು ಸೈಕಲಿನ ಹ್ಯಾಂಡಲನ್ನು ಒಮ್ಮೆ ಮುಟ್ಟಿ ನೋಡಿ, ಕೆಂಪನ್ನು ತಳ್ಳಿಕೊಂಡು ಹೊರಗೆ ಬಂದ. ಅಪ್ಪನಿಗೆ ಎದುರು ಮಾತಾಡುವ ಹುಡುಗನಲ್ಲ ಅವನು. ಆಡಿದ್ದರೆ ಚೆನ್ನಾಗಿತ್ತು ಎಂದು ಈಗ ಅನಿಸುತ್ತದೆ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು.

ಆ ಕೆಂಪು ಸೈಕಲಿನ ಬ್ರೇಕು ಒಂದು ಮಳೆಗಾಲಕ್ಕೇ ಕಿರುಚಲು ಶುರುಮಾಡಿತ್ತು. ಅದಕ್ಕೇ ಆ ಭಾನುವಾರ ಪದವಿನ ಅಂಚಿನಲ್ಲಿ ನಿಂತು ಬಾಸಿತ್ ಸೈಕಲ್ ಬದಲಿಸಿಕೊಂಡದ್ದು. ಬಾಸಿತ್ ಪುತ್ತಿಗೆಯ ಬ್ಯಾರಿ ಮುಸ್ಲಿಮರ ಮನೆಯವನು, ಮನೀಷನ ಜೀವದ ಗೆಳೆಯ. ಸೌದಿಯ ದಮ್ಮಾಮಿನ ಸೂಪರ್‌ಮಾರ್ಕೆಟ್ಟಿನಲ್ಲಿ ಕೆಲಸಕ್ಕಿದ್ದು, ಬರುವಾಗ ಅಲ್ಲಿ ಓಡಿಸುತ್ತಿದ್ದ ಸೈಕಲನ್ನೇ ಕಾರ್ಗೋದಲ್ಲಿ ಹಾಕಿ ತಂದವನು. “ನಿನ್ನ ಬ್ರೇಕ್ ನಂಬಿ ಇಲ್ಲಿ ಇಳಿಯಬೇಡ, ನನ್ನದರಲ್ಲಿ ಇಳಿ” ಎಂದು ತನ್ನದನ್ನು ಗೆಳೆಯನಿಗೆ ಕೊಟ್ಟು, ಕೆಂಪು ಸೈಕಲನ್ನು ತಾನು ತಳ್ಳಿಕೊಂಡು ಹಿಂದಿನಿಂದ ಬಂದಿದ್ದ. ಮನೀಷ್ ಹ್ಯಾಂಡಲಿನ ಮೇಲಿಂದ ಹಾರಿ ಹೋದದ್ದನ್ನು ಅವನೂ ಗುಂಪಿನವರೂ ಹಿಂದಿನಿಂದ ಕಂಡರು. ಅಷ್ಟೇ ಕಂಡದ್ದು.

ಈ ವಿಷಯ ಕಾಂತಿಯ ತಮ್ಮ ಚನಿಯಪ್ಪನಿಗೆ ಹೇಗೋ ತಿಳಿಯಿತು. ಕಾಂತಿ ಎಂದರೆ ಶೀನಪ್ಪನ ಹೆಂಡತಿ. ಉತ್ತರಕ್ರಿಯೆಯ ಬೊಜ್ಜದ ದಿನ, ಊಟದ ಎಲೆ ಇನ್ನೂ ತೆಗೆದಿರಲಿಲ್ಲ, ಚನಿಯಪ್ಪ ನಾಲ್ಕು ಹುಡುಗರನ್ನು ಬೆನ್ನಿಗೆ ಹಾಕಿಕೊಂಡು ಅಂಗಳದ ಮೂಲೆಗೆ ಭಾವನನ್ನು ಕರೆದ. “ಭಾವ, ಅದು ಆ ಬ್ಯಾರಿ ಹುಡುಗನ ಸೈಕಲ್ ಅಲ್ವಾ? ಅದರಲ್ಲಿ ಏನಾದರೂ ಇತ್ತು ಅಂತ ನೀವು ಒಂದು ಮಾತು ಹೇಳಿ. ಉಳಿದದ್ದು ನಾವು ನೋಡಿಕೊಳ್ತೇವೆ.” ಈ ‘ನೋಡಿಕೊಳ್ತೇವೆ’ ಎಂದರೇನೆಂದು ಈ ಸೀಮೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಅಂಗಡಿಯ ಬಾಗಿಲು ಎಳೆಯಲು ಹೇಳುವ ಮೊದಲೇ ಜನ ಎಳೆದುಕೊಂಡಿರುತ್ತಾರೆ. “ಸೈಕಲಿಗೆ ಏನೂ ಆಗಿರಲಿಲ್ಲ, ಹೋಗಿ ಊಟ ಮಾಡಿ” ಎಂದಿದ್ದ ಶೀನಪ್ಪ. ಆಗ ಅವನು ಅದನ್ನು ನಿಜವೆಂದೇ ನಂಬಿದ್ದ.

ಈಗ ಅಂಗಡಿಯೊಳಗೆ ನಾಸಿರ್ ಅವನನ್ನು ಸ್ಟೂಲಿನ ಮೇಲೆ ಕೂರಿಸಿ ಚಾ ತರಿಸಿದ. ಯಾಕೆ, ಏನು ಎಂದು ಕೇಳಲಿಲ್ಲ. ಅಂದಿನ ಕಪ್ಪು ಸೈಕಲಿನಂಥದ್ದೊಂದನ್ನು ಎದುರಿಗಿಟ್ಟ. ಶೀನಪ್ಪ ಈ ಸಲ ಸ್ಪ್ರಿಂಗ್ ಎಣಿಸಲಿಲ್ಲ. ಚಕ್ರ ಎತ್ತಿ ತಿರುಗಿಸಿದ, ಬ್ರೇಕ್ ಒತ್ತಿದ, ಬಿಟ್ಟ, ಮತ್ತೆ ಒತ್ತಿದ. ರೇಟು ಕೇಳಿದಾಗ ಮಾತ್ರ ಕೈ ಹಿಂದಕ್ಕೆ ಬಂತು.

“ಇದಕ್ಕಿಂತ ಕಡಿಮೆಗೆ ಗುಡ್ಡ ಇಳಿಯುವಂಥದ್ದು ಯಾವುದೂ ಇಲ್ವಾ?”

“ಹೊಸದಿಲ್ಲ. ಸೆಕೆಂಡಿನದ್ದು ಒಂದುಂಟು...” ಎಂದ ನಾಸಿರ್, ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. “ಅದು ನಿಮಗೆ ಬೇಡ ಶೀನಪ್ಪಣ್ಣ.”

“ಯಾಕೆ?”

“ಬಾಸಿತನದ್ದು. ಮನೆಯಲ್ಲಿ ಇಟ್ಟುಕೊಳ್ಳಲಿಕ್ಕೆ ಆಗುವುದಿಲ್ಲ ಅಂತ ತಂದು ಬಿಟ್ಟು ಹೋಗಿದ್ದಾನೆ. ಯಾರಿಗಾದರೂ ದೂರದವರಿಗೆ ಕೊಡುವ ಅಂತ ಇಟ್ಟದ್ದು.”

ಶೀನಪ್ಪ ಎದ್ದು ಹಿಂದಿನ ಕೋಣೆಗೆ ಹೋದ. ಗೋಣಿ ಹೊದೆಸಿದ್ದನ್ನು ತಾನೇ ಎಳೆದ. ಬೂದು ಬಣ್ಣದ ಸೈಕಲ್, ಹ್ಯಾಂಡಲಿನ ಒಂದು ತುದಿಯಲ್ಲಿ ಮುರಕಲ್ಲಿನ ಕೆಂಪು ಇನ್ನೂ ಅಂಟಿಕೊಂಡಿತ್ತು. ಅದನ್ನು ಅವನು ಉಗುರಿನಿಂದ ಕೆರೆದು ನೋಡಿದ. ಆಮೇಲೆ, ಡ್ರೈವರನ ಅಭ್ಯಾಸ ಎಲ್ಲಿಗೆ ಹೋಗುತ್ತದೆ, ಹಿಂದಿನ ಚಕ್ರ ಎತ್ತಿ ಪೆಡಲು ತುಳಿದು ತಿರುಗಿಸಿ ಎಡಗೈ ಒತ್ತಿದ.

ಚಕ್ರ ನಿಲ್ಲಲಿಲ್ಲ, ತನ್ನ ಪಾಡಿಗೆ ತಿರುಗುತ್ತಲೇ ಇತ್ತು.

ಕೇಬಲ್ ತುಂಡಾಗಿದೆಯೋ ಎಂದು ಬಗ್ಗಿ ನೋಡಿದ. ಎಡಗೈಯ ಕೇಬಲನ್ನು ಬೆರಳಿನಿಂದ ಹಿಂಬಾಲಿಸಿದ. ಅದು ಹಿಂದಕ್ಕೆ ಹೋಗಿರಲಿಲ್ಲ, ನೇರ ಮುಂದಿನ ಚಕ್ರಕ್ಕೆ ಇಳಿದಿತ್ತು. ಮುಂದಿನ ಚಕ್ರ ಎತ್ತಿ ತಿರುಗಿಸಿ ಮತ್ತೆ ಎಡಗೈ ಒತ್ತಿದ. ಗೋಡೆಗೆ ಗುದ್ದಿದ ಹಾಗೆ ಚಕ್ರ ನಿಂತಿತು.

“ನಾಸಿರ್, ಇದು ಎಂಥದು?”

ನಾಸಿರ್ ಬಂದು ನೋಡಿದ. “ಅಲ್ಲಿ ಹಾಗೆಯೇ ಶೀನಪ್ಪಣ್ಣ. ಅಲ್ಲಿ ಗಾಡಿ ಬಲಬದಿಯಲ್ಲಿ ಓಡುವುದು, ಬ್ರೇಕೂ ನಮ್ಮದರ ಉಲ್ಟಾ ಬರ್ತದೆ. ಇಲ್ಲಿ ಬಂದ ಮೇಲೆ ಕೇಬಲ್ ಬದಲಿಸಬೇಕು.”

“ಬದಲಿಸಲಿಲ್ಲ ಯಾಕೆ?”

ನಾಸಿರ್ ಗೋಡೆಗೆ ಒರಗಿದ. ಕಾರ್ಟನ್ ಒಡೆದು ಸೈಕಲ್ ಜೋಡಿಸಿದ್ದು ಅವನೇ. ಈ ಊರುಗಳಲ್ಲಿ ಹಗ್ಗ ಬಿಗಿದ, ಮಾರ್ಕರಿನಲ್ಲಿ ಹೆಸರು ಬರೆದ ಗಲ್ಫಿನ ಕಾರ್ಟನಿಗೆ ಒಂದು ಮರ್ಯಾದೆಯಿದೆ. ಮಿಕ್ಸಿ ಬರಲಿ ಟಾರ್ಚು ಬರಲಿ, ಅಲ್ಲಿಂದ ಬಂದದ್ದಕ್ಕೆ ಇಲ್ಲಿಯವರು ಕೈ ಹಾಕುವುದಿಲ್ಲ. ಕೈ ಹಾಕಿದರೆ ಕೆಡಿಸಿದ ಎಂಬ ಮಾತು ಬರುತ್ತದೆ. ನಾಸಿರ್ ಹ್ಯಾಂಡಲ್ ನೇರ ಮಾಡಿ, ಪೆಡಲ್ ಕೂರಿಸಿ, ‘ಫಾರಿನ್ ಮಾಲು, ನಮ್ಮ ಸ್ಪಾನರ್ ಯಾಕೆ ಮುಟ್ಟಿಸುವುದು’ ಎಂದು ಕೊಟ್ಟು ಕಳಿಸಿದ್ದ. ಬಾಸಿತನ ಕೈಗೆ ಅಲ್ಲಿಯ ಅಭ್ಯಾಸವೇ ಕೂತಿತ್ತು, ಅವನಿಗೆ ಅದು ಉಲ್ಟಾ ಎಂದು ತೋಚಲೇ ಇಲ್ಲ. ಒಂದು ಚಾ ಕುಡಿಯುವಷ್ಟು ಹೊತ್ತಿನ ಕೆಲಸವದು.

ಶೀನಪ್ಪ ನೆಲದ ಮೇಲೆಯೇ ಕೂತುಬಿಟ್ಟ. ಮಗ ಬ್ರೇಕ್ ಮರೆತಿರಲಿಲ್ಲ. ಸ್ಪೀಡೂ ಹೋಗಿರಲಿಲ್ಲ. ಅಪ್ಪ ಹೇಳಿಕೊಟ್ಟ ಹಾಗೆ ಬಲಗೈ ಮುಟ್ಟದೆ, ಎಡಗೈಯನ್ನೇ ಗಟ್ಟಿಯಾಗಿ ಒತ್ತಿದ್ದ. ಹೇಳಿದ ಮಾತು ಕೇಳಿದ್ದಕ್ಕೇ ಹುಡುಗ ಸತ್ತ. ಅದು ಹೊಳೆದಾಗ ಶೀನಪ್ಪನ ಬಾಯಿಂದ ಹೊರಟ ಸದ್ದಿಗೆ, ಹೊರಗೆ ಪಂಕ್ಚರ್ ಹಾಕಿಸಲು ನಿಂತಿದ್ದ ಇಬ್ಬರು ಒಳಗೆ ಇಣುಕಿದರು. ನಾಸಿರ್ ಕೋಣೆಯ ಬಾಗಿಲು ಎಳೆದ.

“ಬಾಸಿತನನ್ನು ಕರೆ” ಎಂದ ಶೀನಪ್ಪ. “ಈಗಲೇ ಕರೆ. ನನ್ನ ಮಗ ಅಜಾಗರೂಕ ಅಂದರಲ್ಲ, ಎಲ್ಲರೂ ಬಂದು ನೋಡಲಿ.”

“ನನಗೆ ಬೇಕಾದರೆ ಹೊಡೆಯಿರಿ” ಎಂದ ನಾಸಿರ್ ಮೆಲ್ಲಗೆ. “ತಪ್ಪು ನನ್ನದು. ಆದರೆ ಇದು ಹೊರಗೆ ಹೋದರೆ, ನಿಮ್ಮ ಚನಿಯಪ್ಪ...”

ಶೀನಪ್ಪ ಕೇಳಲಿಲ್ಲ, ನಾಸಿರ್ ಫೋನ್ ಮಾಡಿದ. ಬಾಸಿತ್ ಬಂದ. ದಮ್ಮಾಮಿನಿಂದ ಮೈತುಂಬಿಕೊಂಡು ಬಂದಿದ್ದ ಹುಡುಗ ಒಣಗಿ ಹೋಗಿದ್ದ. ಮತ್ತೆ ಬಂದ ವೀಸಾವನ್ನೂ ಬಿಟ್ಟುಬಿಟ್ಟನೆಂದು ಊರು ಆಡಿಕೊಳ್ಳುತ್ತಿತ್ತು. ಶೀನಪ್ಪನನ್ನೂ, ಗೋಣಿ ಸರಿದ ಸೈಕಲನ್ನೂ ನೋಡಿ ಬಾಗಿಲಲ್ಲೇ ನಿಂತ. ಪಂಕ್ಚರಿನವರಿಬ್ಬರೂ ಅವನ ಹಿಂದೆ ಕಿವಿ ನೆಟ್ಟಗೆ ಮಾಡಿಕೊಂಡು ನಿಂತಿದ್ದರು.

“ಅಂಕಲ್” ಎಂದ ಬಾಸಿತ್. “ಒಂದೇ ಕೇಳ್ತೇನೆ. ಸುಳ್ಳು ಹೇಳಬೇಡಿ. ಸೈಕಲಿನಲ್ಲಿ ಏನಾದರೂ ಇತ್ತಾ? ನಾನೇ ಹೇಳಿ ಹೇಳಿ ಹತ್ತಿಸಿದ್ದು. ಅವನು ಬೇಡ ಅಂದಿದ್ದ.”

ಹೇಳಬೇಕಾದ ಮಾತು ಶೀನಪ್ಪನ ನಾಲಿಗೆಯ ತುದಿಗೆ ಬಂದಿತ್ತು. ಅದಕ್ಕಾಗಿಯೇ ಅವನು ಬಂದದ್ದು. ಹೇಳಿದರೆ ಸಂಜೆಯೊಳಗೆ ಮಗನ ಹೆಸರಿಗೆ ಅಂಟಿದ ಕಳಂಕ ತೊಳೆದು ಹೋಗುತ್ತಿತ್ತು, ರಾತ್ರಿಯೊಳಗೆ ಚನಿಯಪ್ಪನ ಹುಡುಗರು ಪುತ್ತಿಗೆಯ ದಾರಿ ಹಿಡಿದಿರುತ್ತಿದ್ದರು. ಅವರು ಹೋಗದಿದ್ದರೂ ಎದುರಿಗೆ ನಿಂತ ಈ ಹುಡುಗ ಆ ಮಾತು ಕೇಳಿದ ಮೇಲೆ ಬದುಕುವಂತೆ ಕಾಣಲಿಲ್ಲ. ಅವನು ಗೆಳೆಯನಿಗೆ ತನ್ನಲ್ಲಿದ್ದ ಒಳ್ಳೆಯದನ್ನು ಕೊಟ್ಟಿದ್ದ. ಅಪ್ಪ ಕೊಡಿಸಿದ್ದು ಒಳ್ಳೆಯದಾಗಿದ್ದರೆ ಅವನು ಕೊಡಬೇಕಾಗಿಯೇ ಇರಲಿಲ್ಲ. ಎರಡು ಸ್ಪ್ರಿಂಗಿನ ಆಸೆಗೆ ಬಿದ್ದದ್ದು ಯಾರು? ಶೀನಪ್ಪನಿಗೆ ತನ್ನ ಮೇಲೆಯೇ ಹೇಸಿಗೆ ಹುಟ್ಟಿತು.

“ಏನೂ ಇಲ್ಲ” ಎಂದ, ಹೊರಗಿನವರಿಗೂ ಕೇಳುವಷ್ಟು ಗಟ್ಟಿಯಾಗಿ. “ಈಗ ಪೂರಾ ನೋಡಿದೆ. ಸೈಕಲ್ ಸರಿ ಉಂಟು. ಅವನೇ ಸ್ಪೀಡ್ ಹೋದದ್ದು, ಅಜಾಗ್ರತೆ.”

ಬಾಸಿತ್ ಅಲ್ಲೇ ಕುಸಿದು, ಮುಖ ಮುಚ್ಚಿಕೊಂಡು ಅತ್ತ. ನಾಸಿರ್ ಆಚೆ ತಿರುಗಿ ನಿಂತ. ಬಾಸಿತ್ ಹೋದ ಮೇಲೆ ಶೀನಪ್ಪ ಸೈಕಲನ್ನು ತಾನೇ ತೆಗೆದುಕೊಳ್ಳುತ್ತೇನೆಂದ, ಕೇಬಲ್ ಬದಲಿಸಿ ಕೊಡಲು ಹೇಳಿದ. ನಾಸಿರನ ಸ್ಪಾನರ್ ಎರಡು ಸಲ ಜಾರಿತು. ಹಣ ಬೇಡವೆಂದ, ಶೀನಪ್ಪ ಕೇಳದೆ ಮೇಜಿನ ಮೇಲಿಟ್ಟು ಬಂದ.

ಅವನು ಮನೆ ಮುಟ್ಟುವ ಮೊದಲೇ ಮಾತು ಮುಟ್ಟಿತ್ತು. ಕಾಂತಿ ಜಗಲಿಯಲ್ಲಿ ನಿಂತಿದ್ದಳು. ಊರೆಲ್ಲ ಏನೇ ಹೇಳಿದರೂ ನನ್ನ ಮಗ ಹಾಗೆ ಹೋಗುವವನಲ್ಲ ಎಂದು ಗಂಡನೊಬ್ಬನ ಬಲದ ಮೇಲೆ ಇಷ್ಟು ದಿನ ಹೇಳಿಕೊಂಡು ಬಂದವಳು ಅವಳು.

“ನೀವು ಹೇಳಿದಿರಾ? ನಮ್ಮ ಮನೀಷನಿಗೆ ಅಜಾಗ್ರತೆ ಅಂತ ನಿಮ್ಮ ಬಾಯಿಂದಲೇ ಹೇಳಿದಿರಾ?”

ನಿಜ ಹೇಳಿದರೆ ಅವಳು ಒಂದು ದಿನ ಸಹಿಸಿಯಾಳು, ಎರಡು ದಿನ ಸಹಿಸಿಯಾಳು. ಮೂರನೆಯ ದಿನ ತಮ್ಮನ ಎದುರು ಅತ್ತಾಗ ಬಾಯಿಂದ ಬಂದೇ ಬರುತ್ತದೆ. ತಾಯಿಯ ಹೊಟ್ಟೆ, ಅವಳನ್ನು ದೂರುವಂತಿಲ್ಲ.

“ಹೌದು” ಎಂದ ಶೀನಪ್ಪ.

ಅವಳು ಒಳಗೆ ಹೋದಳು. ಅನ್ನ ಬಡಿಸಿಟ್ಟಳು, ಮಾತು ಬಡಿಸಲಿಲ್ಲ. ಆಮೇಲೂ ಅವರಿಬ್ಬರ ನಡುವೆ ಬೇಕಾದಷ್ಟೇ ಮಾತು ಉಳಿಯಿತು.

ಭಾನುವಾರ ಬೆಳಿಗ್ಗೆ ಶೀನಪ್ಪ ಸೈಕಲನ್ನು ತಳ್ಳಿಕೊಂಡು ಪದವು ಹತ್ತಿದ. ಅಂಚಿಗೆ ಬಂದು ಕೆಳಗೆ ನೋಡಿದ. ಹತ್ತಿ ಕೂತ. ಬಲಗೈ ಸಡಿಲ ಬಿಟ್ಟು, ಮಗನಿಗೆ ಹೇಳಿಕೊಟ್ಟ ಹಾಗೆ ಎಡಗೈ ಒತ್ತಿದ. ಸೈಕಲ್ ಹೇಳಿದ ಮಾತು ಕೇಳಿತು. ಕಲ್ಲಿನಿಂದ ಕಲ್ಲಿಗೆ ಮೆಲ್ಲಗೆ, ಎಲ್ಲಿಯೂ ಜಾರದೆ, ಪ್ರಾಯವಾದ ದೊಡ್ಡ ಹೊಟ್ಟೆಯ ಮನುಷ್ಯನನ್ನು ತೋಡಿನವರೆಗೆ ಇಳಿಸಿತು. ಇಷ್ಟು ಸುಲಭದ ದಾರಿ ಅದು.

ಅವನು ಇಳಿದು ಸುತ್ತ ನೋಡಿದ. ಯಾರೂ ಇರಲಿಲ್ಲ.

“ನಿನ್ನ ತಪ್ಪಿಲ್ಲ ಮಗಾ” ಎಂದ ಗಟ್ಟಿಯಾಗಿ. “ನೀನು ಸರಿಯಾಗಿಯೇ ಹಿಡಿದಿದ್ದೆ.”

ಆಮೇಲೆ ಸೈಕಲನ್ನು ತಿರುಗಿಸಿ, ಅದೇ ದಾರಿಯಲ್ಲಿ ಮೇಲಕ್ಕೆ ತಳ್ಳತೊಡಗಿದ. ಮರುದಿನ ಬೆಳಗಿನ ಟ್ರಿಪ್ಪಿಗೆ ಅವನೇ ಡ್ರೈವರ್. ಬಸ್ಸಿನಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ, ಅವರಿಗೆಲ್ಲ ಅವನು ಅದೇ ಉತ್ತರ ಕೊಡಬೇಕು.